ಹುಡುಕಿದರೆ ಸಿಗದ ಕನ್ನಡ, ಇದ್ದೂ ಇಲ್ಲದ ಕನ್ನಡ!

(ಕೆ.ಆರ್.ಎಸ್.ನಲ್ಲಿ ನಡೆದ ಕನ್ನಡ ಯುವಜನರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆಯಿಂದ ನೆಲ, ಜಲ, ನಾಡು, ನುಡಿಯ ಬಗ್ಗೆ ಕೇಳಿದ್ದೀರಿ. ಚಪ್ಪಾಳೆ ತಟ್ಟಿ ಕೈ ಕೆಂಪಾಗಿದೆ, ಹೊಟ್ಟೆಯೂ ಹಸಿದಿದೆ. ಇಂಥ ಹೊತ್ತಿನಲ್ಲಿ ಕಂಪ್ಯೂಟರಿನವನೊಬ್ಬನನ್ನು ತಂದು ಮೈಕಿನ ಮುಂದೆ ನಿಲ್ಲಿಸಿದ್ದಾರೆ. ಇವನೇನು ಇಂಗ್ಲಿಷ್ ಕೊರೆಯುತ್ತಾನೋ ಎಂದು ಹೆದರಬೇಡಿ. ನಾನು ಮಾತಾಡುವುದೂ ನೀರಿನ ಬಗ್ಗೆಯೇ, ನುಡಿಯ ಬಗ್ಗೆಯೇ.

ಹಿಂದೆ ತಿರುಗಿ ಈ ಕಟ್ಟೆ ನೋಡಿ. 1911ರಲ್ಲಿ ಕೆಲಸ ಶುರುವಾಯಿತು. ತುಂಬಿದರೆ 124.80 ಅಡಿ. ಸುಮಾರು 49 ಟಿ.ಎಂ.ಸಿ. ನೀರು. ಸರಿ, ಇಷ್ಟು ನೀರು ಇಲ್ಲಿ ನಿಂತ ಮಾತ್ರಕ್ಕೆ ಮಂಡ್ಯದ ಗದ್ದೆ ಹಸಿರಾಯಿತೇ? ಇಲ್ಲ. ವಿಶ್ವೇಶ್ವರಯ್ಯ ನಾಲೆ ತೋಡಬೇಕಾಯಿತು. ಹುಲಿಕೆರೆಯಲ್ಲಿ ನೆಲದೊಳಗೆ ಸುರಂಗ ಕೊರೆಯಬೇಕಾಯಿತು. ಅದಾದ ಮೇಲೂ ಯಾವ ತೂಬು ಎತ್ತಿದರೆ ಯಾರ ಗದ್ದೆಗೆ ನೀರು ಹೋಗುತ್ತದೆ ಎಂದು ಬಲ್ಲ ನೀರಗಂಟಿ ಬೇಕಾಯಿತು.

ಕನ್ನಡದ ಸ್ಥಿತಿ ಇವತ್ತು ಹಾಗೇ ಇದೆ. ಕಂಪ್ಯೂಟರಿನೊಳಗೆ ಕನ್ನಡ ಬಂದು ನಿಂತಿದೆ. ಪತ್ರಿಕೆಗಳು, ಸರ್ಕಾರಿ ಆದೇಶಗಳು, ಪಹಣಿಗಳು, ನಿಮ್ಮ ಮೊಬೈಲಿನ ಸಂದೇಶಗಳು, ಎಲ್ಲ ಕನ್ನಡದಲ್ಲಿವೆ. ಕಟ್ಟೆ ತುಂಬಿದೆ. ಆದರೆ ಹುಡುಕಿದರೆ ಸಿಗುತ್ತದೆಯೇ? ಅದನ್ನೇ ಇವತ್ತು ನಿಮ್ಮ ಮುಂದೆ ಇಡಲು ಬಂದಿದ್ದೇನೆ.

ಕಣಜ ಮತ್ತು ತಟ್ಟೆ

ಮೊದಲು ಕಂಪ್ಯೂಟರಿನ ಒಂದು ಸಂಗತಿ ತಿಳಿದುಕೊಳ್ಳಿ. ಅದಕ್ಕೆ ಎರಡು ಬಗೆಯ ಜಾಗವಿದೆ. ಒಂದು ಡಿಸ್ಕು. ಅದು ಮನೆಯ ಕಣಜವಿದ್ದಂತೆ. ತುಂಬ ಹಿಡಿಸುತ್ತದೆ, ಕರೆಂಟು ಹೋದರೂ ಉಳಿಯುತ್ತದೆ, ಆದರೆ ತೆಗೆಯಲು ಹೊತ್ತು ಬೇಕು. ಇನ್ನೊಂದು ಮೆಮೊರಿ. ಅದು ಮುಂದಿರುವ ತಟ್ಟೆ. ಕೈ ಹಾಕಿದರೆ ತುತ್ತು. ಮೆಮೊರಿಯಿಂದ ಒಂದು ಅಂಶ ಎತ್ತಲು ಸುಮಾರು 100 ನ್ಯಾನೊ ಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ಎತ್ತಲು ಸುಮಾರು 10 ಮಿಲಿ ಸೆಕೆಂಡು. ಅಂದರೆ ಒಂದು ಲಕ್ಷ ಪಟ್ಟು ವ್ಯತ್ಯಾಸ! ಮೆಮೊರಿಯದು ಒಂದು ನಿಮಿಷದ ಕೆಲಸವಾದರೆ ಹಾರ್ಡ್ ಡಿಸ್ಕಿನದು ಎರಡು ತಿಂಗಳಿಗೂ ಮೇಲಿನ ಕೆಲಸ.

ಮೆಮೊರಿ ಅಗ್ಗವಾಗುತ್ತಾ ಬಂದಂತೆ ಜಾಣರು ಕೇಳಿದರು: ಇಡೀ ದತ್ತಾಂಶವನ್ನೇ ಮೆಮೊರಿಯಲ್ಲಿ ಇಟ್ಟರೆ ಹೇಗೆ? ಹಾಗೆ ಹುಟ್ಟಿದ್ದು ಇನ್-ಮೆಮೊರಿ ಡೇಟಾಬೇಸ್. ಇವುಗಳಲ್ಲಿ ಹೆಸರುವಾಸಿಯಾದ ರೆಡಿಸ್ ಅನ್ನು 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಎಂಬಾತ ಬಿಡುಗಡೆ ಮಾಡಿದ. ಕರೆಂಟು ಹೋದರೆ ಗತಿಯೇನು ಅನ್ನುತ್ತೀರಾ? ಅದಕ್ಕೂ ದಾರಿಯಿದೆ. ಕಾಲಕಾಲಕ್ಕೆ ಡಿಸ್ಕಿಗೆ ಒಂದು ನಕಲು ತೆಗೆಯಬಹುದು. ಆದ ಒಂದೊಂದು ಬದಲಾವಣೆಯನ್ನೂ ದಿನಚರಿಯಂತೆ ಬರೆದಿಡಬಹುದು. ನೀವು ಮೊಬೈಲಿನಲ್ಲಿ ಸಾಮಾನು ಹುಡುಕುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದಲ್ಲ, ಅದರ ಹಿಂದೆ ಬಹಳ ಕಡೆ ಇಂಥ ಏರ್ಪಾಡು ಇರುತ್ತದೆ.

ಇದರಿಂದ ತೆಗೆಯುವ ಬಗೆಗಳು ಮೂರು.

ಒಂದು, ಬೀಗದ ಕೈ ಕೊಟ್ಟು ತೆಗೆಯುವುದು. ಪಹಣಿ ನೋಡುವಾಗ ನಾವು ಮಾಡುವುದೇ ಇದು. ಜಿಲ್ಲೆ ಮಂಡ್ಯ, ತಾಲ್ಲೂಕು ಪಾಂಡವಪುರ, ಆಮೇಲೆ ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಎಲ್ಲ ಸರಿಯಾಗಿ ಕೊಟ್ಟರೆ ಒಂದೇ ಏಟಿಗೆ ಸಿಗುತ್ತದೆ. ಯಂತ್ರ ಆ ಬೀಗದ ಕೈಯಿಂದ ಒಂದು ಲೆಕ್ಕ ಹಾಕಿ, ನೇರವಾಗಿ ಆ ಗೂಡಿಗೇ ಕೈ ಹಾಕುತ್ತದೆ.

ಎರಡು, ಅಂಕಿಯ ಮೇಲೆ ಹುಡುಕುವುದು. ಈ ಕಟ್ಟೆಯ ಪ್ರತಿದಿನದ ನೀರಿನ ಮಟ್ಟವನ್ನು ತುಂಬಿಟ್ಟು, 100 ಅಡಿಗಿಂತ ಕೆಳಗಿದ್ದ ದಿನಗಳನ್ನೆಲ್ಲ ಕೊಡು ಎಂದರೆ ಕೊಡುತ್ತದೆ. ಅಂಕಿಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿಟ್ಟಿರುತ್ತದೆ, ಬೇಕಾದ ತುಂಡನ್ನು ಕತ್ತರಿಸಿ ಕೊಡುತ್ತದೆ. ಇಲ್ಲಿ ಭಾಷೆಯ ತಂಟೆಯಿಲ್ಲ.

ಮೂರು, ಮಾತಿನ ಮೇಲೆ ಹುಡುಕುವುದು. ನಮ್ಮ ಗೋಳು ಇರುವುದು ಇಲ್ಲೇ.

ಸೂಚಿಯಲ್ಲಿ ಬಿಟ್ಟುಹೋದ ಧರಣಿ

ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದೆ. ಯಾವ ಪದ ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಕೊಟ್ಟಿರುತ್ತಾರೆ. ಡೇಟಾಬೇಸೂ ಹಾಗೇ ಮಾಡುತ್ತದೆ. ಒಳಗೆ ಬರುವ ಪ್ರತಿ ಬರಹವನ್ನೂ ಪದಪದವಾಗಿ ಒಡೆಯುತ್ತದೆ. ಪ್ರತಿ ಪದದ ಎದುರಿಗೆ ಅದು ಬಂದ ಬರಹಗಳ ಸಂಖ್ಯೆ ಬರೆದುಕೊಳ್ಳುತ್ತದೆ. ನೀವು ಹುಡುಕಿದಾಗ ಬರಹಗಳನ್ನು ಓದುತ್ತಾ ಕೂರುವುದಿಲ್ಲ. ಸೂಚಿ ನೋಡಿ ಉತ್ತರ ಹೇಳುತ್ತದೆ. ಇದೇ ಇಂಡೆಕ್ಸು. ನಮ್ಮ ನೀರಗಂಟಿ ಇವನೇ.

ಈಗ ನಾಲ್ಕು ಸುದ್ದಿ ತುಂಬೋಣ.

ಒಂದನೆಯದು: ಕಟ್ಟೆಗೆ ನೀರು ಬಂತು.
ಎರಡನೆಯದು: ನಾಲೆಗೆ ನೀರು ಬಿಟ್ಟರು.
ಮೂರನೆಯದು: ನೀರಿಗಾಗಿ ರೈತರ ಧರಣಿ.
ನಾಲ್ಕನೆಯದು: ನೀರಿನ ಮಟ್ಟ ಕುಸಿಯಿತು.

ಸೂಚಿ ಹೀಗಾಗುತ್ತದೆ. ನೀರು: ಒಂದು, ಎರಡು. ನೀರಿಗಾಗಿ: ಮೂರು. ನೀರಿನ: ನಾಲ್ಕು. ಈಗ ‘ನೀರು’ ಎಂದು ಹುಡುಕಿ. ಬರುವುದು ಎರಡೇ ಸುದ್ದಿ. ನೀರು ಬಂತು, ನೀರು ಬಿಟ್ಟರು. ಎಲ್ಲವೂ ಸುಖವೇ! ರೈತರ ಧರಣಿ ಎಲ್ಲಿ? ಕುಸಿದ ಮಟ್ಟ ಎಲ್ಲಿ? ಇವೆ ಸ್ವಾಮಿ, ಮೆಮೊರಿಯೊಳಗೇ ಇವೆ. ಯಾರೂ ಅಳಿಸಿಲ್ಲ. ಆದರೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದು ಕಟ್ಟುಕತೆಯಲ್ಲ, ನನ್ನ ಕೈಯಾರೆ ಆದ ತಪ್ಪು. ನಾಗಮಂಗಲ ಕಡೆಯ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಪೆಟ್ಟಿಗೆ ತುಂಬ ಹಳೆಯ ಕಾಗದಗಳಿದ್ದವು. ಊರಿನ ಕೆರೆ, ಹಬ್ಬ, ಜಗಳ, ಪಂಚಾಯ್ತಿ, ಎಲ್ಲದರ ಟಿಪ್ಪಣಿ. ನಾನು ಹುರುಪಿನಿಂದ ಅಷ್ಟನ್ನೂ ಕುಟ್ಟಿ, ಇಂಥದೇ ಡೇಟಾಬೇಸಿಗೆ ತುಂಬಿ, ಅವರ ಮುಂದೆ ಲ್ಯಾಪ್‌ಟಾಪ್ ಇಟ್ಟು, ‘ಏನು ಬೇಕಾದರೂ ಕೇಳಿ ದೊಡ್ಡಪ್ಪ’ ಅಂದೆ. ಅವರು ‘ಊರು’ ಅಂತ ಹಾಕು ಅಂದರು. ಹಾಕಿದೆ. ಬಂದದ್ದು ಏಳೋ ಎಂಟೋ ಚೀಟಿ. ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ಊರಿನದೇ! ಊರಿಗೆ, ಊರಿನ, ಊರಲ್ಲಿ, ಊರಿಂದ ಅಂತ ಬರೆದದ್ದು ಒಂದೂ ಬರಲಿಲ್ಲ. ದೊಡ್ಡಪ್ಪ ಕನ್ನಡಕ ಮೇಲಕ್ಕೆತ್ತಿ, ‘ಅಲ್ಲ ಕಣ್ಲಾ ಮಗ, ಇಷ್ಟು ದುಡ್ಡು ಕೊಟ್ಟು ತಂದಿದ್ದೀಯ, ಇದಕ್ಕೆ ಊರಿಗೆ ಅಂದ್ರೆ ಊರೇ ಅಂತ ಗೊತ್ತಿಲ್ವೇನ್ಲಾ?’ ಅಂದರು.

ನನಗೆ ಉತ್ತರ ಇರಲಿಲ್ಲ. ಹುಡುಕಲು ಕೂತೆ.

ಪಟ್ಟಿಯಲ್ಲಿ ನಾವಿಲ್ಲ

ಇಂಗ್ಲಿಷಿನಲ್ಲೂ ಪದದ ಬಾಲ ಬದಲಾಗುತ್ತದೆ. ಆ ಬಾಲ ಕತ್ತರಿಸಿ ಬೇರನ್ನು ಉಳಿಸುವ ವಿಧಾನವನ್ನು 1980ರಲ್ಲಿ ಮಾರ್ಟಿನ್ ಪೋರ್ಟರ್ ಎಂಬ ಇಂಗ್ಲೆಂಡಿನವರು ಪ್ರಕಟಿಸಿದರು. ಆಮೇಲೆ ಅವರೇ ಬೇರೆ ಬೇರೆ ಭಾಷೆಗಳಿಗೆ ಇಂಥ ನಿಯಮ ಬರೆಯಲೆಂದು ಸ್ನೋಬಾಲ್ ಎಂಬ ಪುಟ್ಟ ಕಂಪ್ಯೂಟರ್ ಭಾಷೆ ಮಾಡಿಕೊಟ್ಟರು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಮ್ಮ ಭಾಷೆ ಸೇರಿಸಬಹುದು. ರೆಡಿಸ್‌ನ ಹುಡುಕಾಟ ನಿಂತಿರುವುದೂ ಇದರ ಮೇಲೆಯೇ.

2024ರಲ್ಲಿ ರೆಡಿಸ್‌ನ ಭಾಷೆಗಳ ಪಟ್ಟಿ ತೆಗೆದು ನೋಡಿದೆ. ಡೇನಿಷ್ ಇದೆ. ಫಿನ್ನಿಷ್ ಇದೆ. ಬಾಸ್ಕ್ ಇದೆ. ನಮ್ಮ ಕಡೆಯವು? ಹಿಂದಿ ಇದೆ. ನೇಪಾಳಿ ಇದೆ. ತಮಿಳು ಇದೆ. ಕನ್ನಡ? ಇಲ್ಲ! ಎರಡು ಸಾವಿರ ವರ್ಷದ ನುಡಿ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಪಟ್ಟಿಯಲ್ಲಿ ಹೆಸರಿಲ್ಲ.

ಈಗ ಯಾರನ್ನು ಬೈಯೋಣ? ದೆಹಲಿಯನ್ನೇ? ಅಮೆರಿಕವನ್ನೇ? ನೆರೆಯವರನ್ನೇ? ಬಂಧುಗಳೇ, ಸಿಟ್ಟು ಬಂದರೆ ಒಳ್ಳೆಯದೇ, ಆದರೆ ಅದು ಸರಿಯಾದ ಕಡೆ ತಿರುಗಲಿ. ತಮಿಳಿನ ನಿಯಮಗಳನ್ನು ಯಾವ ಕಂಪನಿಯೂ ದಾನ ಮಾಡಲಿಲ್ಲ. ತಮಿಳರೊಬ್ಬರು ಕೂತು ಬರೆದುಕೊಟ್ಟರು. ಅಷ್ಟೇ. ಬಾಗಿಲು ತೆರೆದೇ ಇದೆ. ನಾವು ಒಳಗೆ ಹೋಗಿಲ್ಲ. ಅವರ ಮೇಲೆ ಅಸೂಯೆ ಪಡುವುದು ಬೇಡ. ಅವರು ಮಾಡಿದ್ದನ್ನು ನೋಡಿ ಕಲಿಯೋಣ.

ಸಾಫ್ಟ್‌ವೇರಿನ ರಾಜಧಾನಿ ಬೆಂಗಳೂರು. ಅಲ್ಲಿ ಕೂತು ಜಗತ್ತಿನ ಹುಡುಕಾಟವನ್ನೆಲ್ಲ ನಡೆಸಿಕೊಡುವವರಲ್ಲಿ ನಮ್ಮ ಹುಡುಗ-ಹುಡುಗಿಯರು ಎಷ್ಟು ಜನ! ಊರವರ ಗದ್ದೆಗೆಲ್ಲ ನೀರು ಬಿಟ್ಟು, ನಮ್ಮ ಗದ್ದೆ ಬಾಯಿ ಬಿಟ್ಟಿದ್ದರೂ ಸುಮ್ಮನಿದ್ದೇವೆ.

ನೀರು ಹುಡುಕಿದರೆ ನೀರಸ

ಕೆಲವರು ಹೇಳುತ್ತಾರೆ: ಇದಕ್ಕೇಕೆ ಇಷ್ಟು ರಂಪ? ಪದದ ಮೊದಲ ಭಾಗ ಕೊಟ್ಟು, ಇದರಿಂದ ಶುರುವಾಗುವುದೆಲ್ಲ ಬರಲಿ ಎಂದರಾಯಿತು. ನಿಜ, ಆ ಸೌಲಭ್ಯವಿದೆ. ‘ಪಾಂಡವಪುರ’ ಎಂದು ಕೊಟ್ಟರೆ ಪಾಂಡವಪುರದಲ್ಲಿ, ಪಾಂಡವಪುರಕ್ಕೆ ಎಲ್ಲ ಬರುತ್ತವೆ. ಆದರೆ ‘ಊರು’ ಕೊಟ್ಟರೆ ಊರಿಗೆ ಬರುವುದಿಲ್ಲ, ಕೊನೆಯ ಉಕಾರ ಅಲ್ಲಿ ಬಿದ್ದುಹೋಗಿದೆ. ‘ಮೈಸೂರು’ ಕೊಟ್ಟರೆ ಮೈಸೂರಿಗೆ ಬರುವುದಿಲ್ಲ. ಸರಿ, ಉಕಾರ ತೆಗೆದು ‘ನೀರ’ ಎಂದು ಕೊಡಿ. ನೀರಿಗೆ, ನೀರಿನ ಬರುತ್ತವೆ. ಜೊತೆಗೆ ನೀರಸವೂ ಬರುತ್ತದೆ, ನೀರವವೂ ಬರುತ್ತದೆ! ಇನ್ನು ‘ಕಾವೇರಿ’ ಎಂದು ಕೊಡಿ. ಕಾವೇರಿಯ, ಕಾವೇರಿಗೆ ಬರುತ್ತವೆ. ಹಿಂದೆಯೇ ವಿಧಾನಸಭೆಯ ‘ಕಾವೇರಿದ ಚರ್ಚೆ’ಯೂ ಬರುತ್ತದೆ. ಕಾವು ಏರಿದ್ದು ಬೇರೆ, ಕಾವೇರಿ ಬೇರೆ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಕುರುಡಾಗಿ ಬಾಲ ಕತ್ತರಿಸಿದರೂ ಅಪಾಯವೇ. ‘ಗೆ’ ಬಂದರೆ ಕತ್ತರಿಸು ಎಂದರೆ ಊರಿಗೆ ಸರಿಹೋಗುತ್ತದೆ, ಹೊಗೆ ಹಾಳಾಗುತ್ತದೆ. ‘ಅಲ್ಲಿ’ ಬಂದರೆ ಕತ್ತರಿಸು ಎಂದರೆ ಗೋಡೆಯ ಮೇಲಿನ ಹಲ್ಲಿಗೆ ಬರೀ ಹಕಾರ ಉಳಿಯುತ್ತದೆ. ಆದ್ದರಿಂದ ನಿಯಮ ಬೇಕು, ನಿಯಮದೊಳಗೆ ವಿನಾಯಿತಿ ಬೇಕು.

ಆ ನಿಯಮ ಎಲ್ಲಿಂದ ತರುವುದು? ಅಮೆರಿಕದಿಂದ ತರಬೇಕಿಲ್ಲ. ಹೈಸ್ಕೂಲಿನಲ್ಲಿ ಬೈಸಿಕೊಂಡು ಕಲಿತಿರಲ್ಲ, ವಿಭಕ್ತಿ ಪ್ರತ್ಯಯ: ಉ, ಅನ್ನು, ಇಂದ, ಗೆ, ಅ, ಅಲ್ಲಿ. ಲೋಪಸಂಧಿ, ಯಕಾರಾಗಮ, ವಕಾರಾಗಮ. ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ. ಕಾವೇರಿ ಮತ್ತು ಅನ್ನು ಸೇರಿದರೆ ಕಾವೇರಿಯನ್ನು. ಮರ ಮತ್ತು ಅನ್ನು ಸೇರಿದರೆ ಮರವನ್ನು. ಇದನ್ನೇ ಹಿಂದುಮುಂದಾಗಿ ಬರೆದರೆ ಕಂಪ್ಯೂಟರಿನ ನಿಯಮವಾಯಿತು. ಪದ ಹೇಗೆ ಕೂಡುತ್ತದೆ, ಹೇಗೆ ಬಿಡಿಸುತ್ತದೆ ಎಂದು ಕೇಶಿರಾಜ 13ನೇ ಶತಮಾನದಲ್ಲೇ ಕೂತು ಯೋಚಿಸಿದ. ಮೇಷ್ಟರು ಕಿವಿ ಹಿಂಡಿ ಕಲಿಸಿದ ವ್ಯಾಕರಣ ಯಾತಕ್ಕೂ ಬರಲಿಲ್ಲ ಎಂದುಕೊಂಡಿದ್ದಿರಿ. ಈಗ ಬಂತು!

ಒಂದೇ ಅಕ್ಷರ, ಎರಡು ವೇಷ

ಇನ್ನೂ ಒಂದು ತೊಡಕಿದೆ, ಕಣ್ಣಿಗೆ ಕಾಣದ್ದು.

ಹಿಂದೆ ನಾವು ಕನ್ನಡ ಕುಟ್ಟುತ್ತಿದ್ದ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುತ್ತಿದ್ದದ್ದು ಮಾತ್ರ ಕನ್ನಡ. ಒಳಗೆ ಇದ್ದದ್ದು ಇಂಗ್ಲಿಷಿನ ಅಕ್ಷರ-ಚಿಹ್ನೆಗಳ ಸಂಕೇತ. ಅಂಥ ಕಡತವನ್ನು ಹಾಗೇ ಡೇಟಾಬೇಸಿಗೆ ಸುರಿದರೆ ಸೂಚಿಯಲ್ಲಿ ಕಸ ತುಂಬುತ್ತದೆ. ಮೊದಲು ಯುನಿಕೋಡಿಗೆ ಬದಲಿಸಬೇಕು. ಈಗಲೂ ಎಷ್ಟೋ ಹಳೆಯ ಕಡತಗಳು ಹಾಗೇ ಬಿದ್ದಿವೆ.

ಯುನಿಕೋಡ್ ಬಂದರೆ ಎಲ್ಲ ಮುಗಿಯಿತೇ? ಇಲ್ಲ. ಕಾವೇರಿಯ ‘ವೇ’ ನೋಡಿ. ಆ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟುಗಳನ್ನು ಹೋಲಿಸುವ ಯಂತ್ರಕ್ಕೆ ಎರಡೂ ಬೇರೆ ಬೇರೆ ಪದ. ‘ಸೂರ್ಯ’ ಬರೆಯುವಾಗ ಕೆಲವರು ಅರ್ಕಾವತ್ತು ಬೇಡವೆಂದು ನಡುವೆ ಕಾಣದ ಜೋಡಿಸುವ ಗುರುತು ಹಾಕುತ್ತಾರೆ. ‘ಸಾಫ್ಟ್‌ವೇರ್’ ಬರೆಯುವಾಗ ಒತ್ತಕ್ಷರ ಆಗದಿರಲೆಂದು ಕಾಣದ ಬಿಡಿಸುವ ಗುರುತು ಹಾಕುತ್ತಾರೆ. ಹಾಕಿದವರ ಪದ ಬೇರೆ, ಹಾಕದವರ ಪದ ಬೇರೆ. ೧೯೧೧ ಎಂದು ಕನ್ನಡ ಅಂಕಿಯಲ್ಲಿ ಬರೆದದ್ದು 1911 ಎಂದು ಹುಡುಕಿದರೆ ಸಿಗುವುದಿಲ್ಲ.

ಅಷ್ಟೇಕೆ, ನಾವು ನಿಂತಿರುವ ಊರಿನ ಹೆಸರೇ ತೆಗೆದುಕೊಳ್ಳಿ. ಕೆ.ಆರ್.ಎಸ್. ಯಂತ್ರ ಚುಕ್ಕಿ ಕಂಡಲ್ಲಿ ಪದ ಒಡೆಯುತ್ತದೆ. ಕೆ, ಆರ್, ಎಸ್ ಎಂದು ಮೂರು ಚೂರು. ಪಕ್ಕದ ಕೆ.ಆರ್. ಪೇಟೆಗೂ ಇದೇ ಗತಿ. ಕೃಷ್ಣರಾಜಪೇಟೆ ಎಂದರೂ ಅದೇ ಊರು ಎಂದು ಅದಕ್ಕೆ ಗೊತ್ತಿಲ್ಲ. ಶ್ರೀರಂಗಪಟ್ಟಣವನ್ನು ನಮ್ಮ ಜನ ಶ್ರೀರಂಗಪಟ್ಣ ಎಂದೂ ಬರೆಯುತ್ತಾರೆ. ಪಾಂಡವಪುರಕ್ಕೆ ಹಿರೋಡೆ ಎಂಬ ಹೆಸರಿತ್ತು, ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ಇವೆಲ್ಲ ಒಂದೇ ಎಂದು ಸಮಾನಪದಗಳ ಗುಂಪು ಕಟ್ಟಿಕೊಡಬಹುದು. ರೆಡಿಸ್‌ನಲ್ಲಿ ಅದಕ್ಕೆ ಏರ್ಪಾಡೂ ಇದೆ. ಆದರೆ ಗುಂಪು ಕಟ್ಟಬೇಕಾದವರು ಈ ಊರು ಬಲ್ಲವರು. ಕ್ಯಾಲಿಫೋರ್ನಿಯಾದವರಿಗೆ ಹಿರೋಡೆ ಹೇಗೆ ಗೊತ್ತಾಗಬೇಕು?

ಅಕಾರಾದಿಯಲ್ಲೂ ಇದೇ ಕತೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕೊನೆಗೆ, ಹಕಾರದ ನಂತರ. ಯುನಿಕೋಡಿನ ಕೋಷ್ಟಕದಲ್ಲಿ ಅದು ಲಕಾರದ ಪಕ್ಕ, ವಕಾರಕ್ಕಿಂತ ಮೊದಲು. ಬೈಟುಗಳ ಕ್ರಮದಲ್ಲಿ ಜೋಡಿಸಿದರೆ ಹಳೆಯದು ಹಸಿಯದಕ್ಕಿಂತ ಮುಂಚೆ ಬರುತ್ತದೆ. ನಿಘಂಟಿನಲ್ಲಿ ಅದು ಆಮೇಲೆ ಬರಬೇಕು.

‘ಕನ್ನಡ ಹೆಚ್ಚು ಜಾಗ ತಿನ್ನುತ್ತದೆ’ ಎಂಬ ಮಾತೂ ಕೇಳುತ್ತೀರಿ. ಸಾಮಾನ್ಯ ಬಳಕೆಯ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ‘ನೀರು’ ಎಂದರೆ ನಾಲ್ಕು ಸಂಕೇತ, 12 ಬೈಟು. ಅದೇ ಅರ್ಥದ ಇಂಗ್ಲಿಷ್ ಪದಕ್ಕೆ 5 ಬೈಟು. ಮೆಮೊರಿಯಲ್ಲೇ ಎಲ್ಲ ಇಡುವಾಗ ಇದು ಲೆಕ್ಕಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ನೋಡಿ, ಊರು, ಊರಿಗೆ, ಊರಿನ, ಊರಲ್ಲಿ, ಊರಿಂದ ಎಂದು ಐದು ಪದ ಸೂಚಿಯಲ್ಲಿ ಕೂರುವ ಬದಲು ಒಂದೇ ಬೇರು ಕೂತರೆ ಸೂಚಿಯೇ ಚಿಕ್ಕದಾಗುತ್ತದೆ. ಕನ್ನಡ ಕಲಿಸಿದರೆ ಜಾಗವೂ ಉಳಿಯುತ್ತದೆ. ಈ ನೆಪ ಹೇಳುವವರಿಗೆ ಇದೇ ಉತ್ತರ ಕೊಡಿ.

ಏನು ಮಾಡೋಣ?

ಭಾಷಣ ಕೇಳಿ ಹೋದರೆ ಸಾಲದು. ಕೆಲಸ ಹಂಚಿಕೊಳ್ಳಿ.

ಮೊದಲನೆಯದು, ಒಳಗೆ ತುಂಬುವ ಮುನ್ನ ಶುಚಿ ಮಾಡಿ. ಎರಡು ವೇಷದ ಅಕ್ಷರ ಒಂದಾಗಲಿ, ಕಾಣದ ಗುರುತು ಹೋಗಲಿ, ಅಂಕಿ ಒಂದೇ ಬಗೆಯಾಗಲಿ. ಹುಡುಕುವ ಪದಕ್ಕೂ ಇದೇ ಸ್ನಾನ ಆಗಲಿ. ಕಾಲೇಜು ಹುಡುಗರಿಗೆ ಇದು ಒಂದು ಸಂಜೆಯ ಕೆಲಸ.

ಎರಡನೆಯದು, ಕನ್ನಡದ ಬಾಲ ಕತ್ತರಿಸುವ ನಿಯಮ ಬರೆಯಿರಿ. ಒಬ್ಬರೇ ಬೇಡ. ವ್ಯಾಕರಣ ಬಲ್ಲ ಮೇಷ್ಟರು ಒಬ್ಬರು, ಪ್ರೋಗ್ರಾಂ ಬಲ್ಲವರು ಒಬ್ಬರು. ಅದು ಪಕ್ವವಾಗುವವರೆಗೆ ಕಾಯಬೇಕಿಲ್ಲ. ಮೂಲ ಬರಹವನ್ನು ಒಂದು ಅಂಕಣದಲ್ಲೂ, ಬೇರು ಮಾಡಿದ ಪದಗಳನ್ನು ಇನ್ನೊಂದು ಅಂಕಣದಲ್ಲೂ ಇಟ್ಟು ಎರಡನೆಯದರ ಮೇಲೆ ಸೂಚಿ ಕಟ್ಟಿದರೆ ಇವತ್ತೇ ಕೆಲಸ ನಡೆಯುತ್ತದೆ. ನಮ್ಮ ದೊಡ್ಡಪ್ಪನ ಪೆಟ್ಟಿಗೆಯನ್ನು ನಾನು ಹೀಗೇ ಸರಿಮಾಡಿದ್ದು.

ಮೂರನೆಯದು, ಪರೀಕ್ಷೆಯ ಪದಪಟ್ಟಿ. ಈ ಪದ ಕೊಟ್ಟರೆ ಈ ಬೇರು ಬರಬೇಕು ಎಂಬ ಸಾವಿರಾರು ಜೋಡಿ. ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಕನ್ನಡ ಗೊತ್ತಿದ್ದರೆ ಸಾಕು. ಹೊಗೆ, ಹಲ್ಲಿ, ಕಾವೇರಿದ ಇಂಥ ತಂಟೆಕೋರ ಪದಗಳನ್ನು ಹೆಕ್ಕುವುದರಲ್ಲಿ ನಿಮ್ಮ ಅಜ್ಜಿ ಇಂಜಿನಿಯರಿಗಿಂತ ಜಾಣೆ. ನಿಯಮ ಮತ್ತು ಪದಪಟ್ಟಿ ಎರಡೂ ಸಿದ್ಧವಾದರೆ ಸ್ನೋಬಾಲಿಗೆ ಕಳಿಸಿ. ಅಲ್ಲಿಂದ ಅದು ಜಗತ್ತಿನ ಹತ್ತಾರು ಡೇಟಾಬೇಸುಗಳಿಗೆ ಹರಿಯುತ್ತದೆ.

ನಾಲ್ಕನೆಯದು, ಹಕ್ಕೊತ್ತಾಯ. ಕನ್ನಡಿಗರ ತೆರಿಗೆಯ ದುಡ್ಡಿನಲ್ಲಿ ಯಾವುದೇ ತಂತ್ರಾಂಶ ಕೊಂಡರೂ, ಬಿಲ್ಲು ಪಾಸು ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಲಿ. ‘ಊರು’ ಎಂದು ಹುಡುಕಿದರೆ ‘ಊರಿಗೆ’ ಸಿಗುತ್ತದೆಯೇ? ಎರಡು ಬಗೆಯಲ್ಲಿ ಕುಟ್ಟಿದ ‘ಕಾವೇರಿ’ ಒಂದೇ ಉತ್ತರ ಕೊಡುತ್ತದೆಯೇ? ೧೯೧೧ ಮತ್ತು 1911 ಒಂದೇ ಎಂದು ಗೊತ್ತಿದೆಯೇ? ಮೂರಕ್ಕೂ ಹೌದು ಎಂದು ತೋರಿಸಿದರೆ ದುಡ್ಡು. ಇಲ್ಲವಾದರೆ ಸರಿಮಾಡಿಕೊಂಡು ಬನ್ನಿ ಎನ್ನಲಿ. ಕನ್ನಡದ ಬೋರ್ಡು ಕೇಳುವಷ್ಟೇ ಜೋರಾಗಿ ಇದನ್ನೂ ಕೇಳಬೇಕು. ಬೋರ್ಡು ಬೀದಿಯಲ್ಲಿ ಕಾಣುತ್ತದೆ, ಸೂಚಿ ಕಾಣುವುದಿಲ್ಲ, ಅದಕ್ಕೇ ನಾವು ಮರೆತಿದ್ದೇವೆ.

ಕೊನೆಯ ಮಾತು. ಈ ನೀರಿನ ತಳದಲ್ಲಿ ಹಳೆಯ ಕನ್ನಂಬಾಡಿ ಊರಿತ್ತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಎಷ್ಟೋ ದಶಕ ಮುಳುಗಿತ್ತು. ಬರಗಾಲದಲ್ಲಿ ನೀರಿಳಿದಾಗ ಮಾತ್ರ ಕಾಣುತ್ತಿತ್ತು. ಆಮೇಲೆ ಅದರ ಕಲ್ಲುಗಳನ್ನು ಬಿಚ್ಚಿ ಮೇಲೆ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಅದು ಹೇಗೆ ಸಾಧ್ಯವಾಯಿತು? ಯಾವ ಕಲ್ಲು ಎಲ್ಲಿಯದು ಎಂದು ಲೆಕ್ಕ ಇಟ್ಟುಕೊಂಡೇ ಜೋಡಿಸಬೇಕಲ್ಲವೇ? ನಮ್ಮ ಮಾತುಗಳೂ ಮುಳುಗಿ ಕೂತಿವೆ. ರೈತರ ಧರಣಿಯ ಸುದ್ದಿಯೂ ಮುಳುಗಿದೆ, ದೊಡ್ಡಪ್ಪನ ಊರೂ ಮುಳುಗಿದೆ. ಒಂದೊಂದೇ ಪದಕ್ಕೆ ಅದರ ಜಾಗ ಗುರುತಿಸಿ ಮೇಲೆ ತರೋಣ.

ಊಟ ಮುಗಿಸಿ ಬನ್ನಿ. ಮೂರು ಗಂಟೆಗೆ ಆ ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಬರುವಾಗ ಒಬ್ಬೊಬ್ಬರೂ ನಿಮ್ಮ ಊರಿನ ಹೆಸರನ್ನು ಏಳು ವಿಭಕ್ತಿಯಲ್ಲೂ ಒಂದು ಚೀಟಿಯಲ್ಲಿ ಬರೆದು ತನ್ನಿ. ಪದಪಟ್ಟಿ ಅಲ್ಲಿಂದಲೇ ಶುರುವಾಗಲಿ.

ಜೈ ಕರ್ನಾಟಕ!